ರಜೆ ಅರ್ಜಿಯಲ್ಲಿ ಬರೆಯಲಾಗದ ಕಾಯಿಲೆ

ಕಳೆದ ಶ್ರಾವಣದಲ್ಲಿ ನಾಲ್ಕು ದಿನ ಇದ್ದು ಬರೋಣವೆಂದು ನನ್ನೂರು ತುಕ್ಕಾನಟ್ಟಿಗೆ ಹೋಗಿದ್ದೆ. ನಾನು ಚಾಕರಿಗೆ ಸೇರಿದಾಗ ಗೋಕಾಕ ತಾಲ್ಲೂಕಿನಲ್ಲಿದ್ದ ಊರು ಈಗ ಮೂಡಲಗಿ ತಾಲ್ಲೂಕಿಗೆ ಸೇರಿದೆ. ಘಟಪ್ರಭೆಯ ಕಾಲುವೆಯ ನೀರು, ಆಳೆತ್ತರದ ಕಬ್ಬು, ಗೋವಿನಜೋಳ ಎಲ್ಲವೂ ಹಾಗೆಯೇ ಇವೆ. ಸಂಜೆ ಕಟ್ಟೆಯ ಮೇಲೆ ಕುಳಿತಿದ್ದಾಗ ತಮ್ಮನ ಮಗ ಬಂದು ಪಕ್ಕದಲ್ಲಿ ಕುಳಿತ. ಬೇರೊಂದು ಜಿಲ್ಲೆಯ ಸರ್ಕಾರಿ ಕಚೇರಿಯಲ್ಲಿ ಪ್ರಥಮ ದರ್ಜೆ ಸಹಾಯಕನಾಗಿರುವ ಹುಡುಗ. ಬಹಳ ಹೊತ್ತು ಮಾತಿಲ್ಲ. ಆಮೇಲೆ, 'ದೊಡ್ಡಪ್ಪಾ, ನೌಕರಿ ಬಿಟ್ಟ ಬರ್ತೀನ್ರಿ' ಎಂದ.

ಕಾರಣ ಕೇಳಿದೆ. 'ನಾಕ ತಿಂಗಳಾತ್ರಿ, ರಾತ್ರಿ ಮೂರಕ್ಕ ಎಚ್ಚರ ಆಗ್ತೈತಿ. ಆಮ್ಯಾಲ ನಿದ್ದಿ ಹತ್ತಂಗಿಲ್ಲ. ಆಫೀಸಿನ್ಯಾಗ ಒಂದ ಕಾಗದ ನಾಕ ಸಲ ಓದತೀನಿ, ತಲಿಯೊಳಗ ಇಳಿಯಂಗಿಲ್ಲ' ಎಂದ. ಧೈರ್ಯ ಮಾಡಿ ಮೇಲಧಿಕಾರಿಯ ಬಳಿ ಹದಿನೈದು ದಿನದ ರಜೆ ಕೇಳಿದ್ದನಂತೆ. 'ಮನಸ್ಸು ಸರಿಯಿಲ್ಲ ಅಂದಾಗಲೆಲ್ಲ ರಜೆ ಕೊಡೋಕೆ ಇದೇನು ಮಾವನ ಮನೆಯೇ?' ಎಂಬ ಉತ್ತರ ಬಂದಿತು. ವಾರದೊಳಗೆ, ಕಡತ ವಿಲೇವಾರಿಯಲ್ಲಿನ ವಿಳಂಬಕ್ಕೆ ಕಾರಣ ಕೇಳುವ ನೋಟಿಸು ಕೈಗೆ ಬಂದಿತು. ಮನೆಯಲ್ಲಿ ಅವನ ತಾಯಿ ದೃಷ್ಟಿ ತೆಗೆಸಿದ್ದಳು.

ಅವನು ಹೇಳಿದ ಒಂದೊಂದು ಲಕ್ಷಣವೂ ನನಗೆ ಪರಿಚಿತವಾಗಿತ್ತು. ಇಷ್ಟು ವರ್ಷ ಈ ವಿಷಯವನ್ನು ಮನೆಯ ಹೊರಗೆ ಎಲ್ಲಿಯೂ ಹೇಳಿಕೊಂಡವನಲ್ಲ. ನಿವೃತ್ತನಾದವನಿಗೆ ಇನ್ನು ಬಡ್ತಿಯ ಚಿಂತೆಯಿಲ್ಲವಾದ್ದರಿಂದ ಈಗ ಹೇಳಬಹುದು.

2002ರಲ್ಲಿ ನಾನು ಜಿಲ್ಲಾ ಮಟ್ಟದ ಕಚೇರಿಯೊಂದರಲ್ಲಿದ್ದೆ. ರಾಜ್ಯವು ಸತತ ಬರದಿಂದ ತತ್ತರಿಸುತ್ತಿದ್ದ ಕಾಲವದು. ಮೇವು, ಟ್ಯಾಂಕರು, ಕೂಲಿ ಕಾಮಗಾರಿಗಳ ಲೆಕ್ಕವನ್ನು ದಿನಕ್ಕೆರಡು ಬಾರಿ ಮೇಲಕ್ಕೆ ಕಳಿಸಬೇಕಾಗಿತ್ತು. ಅರ್ಥಶಾಸ್ತ್ರದಲ್ಲಿ ಎಂ.ಎ. ಮಾಡಿದವನು, ಅಂಕಿಗಳೊಂದಿಗೇ ಬದುಕಿದವನು, ಆರು ಅಂಕಣಗಳ ತಃಖ್ತೆಯೊಂದನ್ನು ಕೂಡಿಸಲಾಗದೆ ಕುಳಿತುಬಿಡುತ್ತಿದ್ದೆ. ಊಟ ರುಚಿಸುತ್ತಿರಲಿಲ್ಲ. ದೂರವಾಣಿ ಬಾರಿಸಿದರೆ ಎದೆ ಧಸಕ್ಕೆನ್ನುತ್ತಿತ್ತು. ಇದನ್ನು ದುಃಖ ಎನ್ನುವಂತಿರಲಿಲ್ಲ, ದುಃಖಕ್ಕೆ ಒಂದು ಕಾರಣವಾದರೂ ಇರುತ್ತದೆ. ನನ್ನ ಮೇಲಧಿಕಾರಿ ತುಂಬಿದ ಸಭೆಯಲ್ಲಿ, 'ಇವರಿಗೆ ಸಂಬಳ ಬೇಕು, ಕೆಲಸ ಬೇಡ' ಎಂದರು. ಆ ವರ್ಷದ ಗೌಪ್ಯ ವರದಿಯಲ್ಲಿ 'ಆಸಕ್ತಿ ಸಾಲದು' ಎಂಬ ಷರಾ ಬಿತ್ತು. ಆಸಕ್ತಿ ಇಲ್ಲದಿರುವುದೇ ಆ ಕಾಯಿಲೆಯ ಮುಖ್ಯ ಲಕ್ಷಣವೆಂದು ಷರಾ ಬರೆದವರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ.

ಕೊನೆಗೆ ಹೆಂಡತಿಯ ಒತ್ತಾಯಕ್ಕೆ ಧಾರವಾಡಕ್ಕೆ ಹೋದೆ. ನಮ್ಮ ಭಾಗದಲ್ಲಿ 'ಅವನ್ನ ಧಾರವಾಡಕ್ಕ ಒಯ್ಯಬೇಕು' ಎಂದರೆ ಏನರ್ಥವೆಂದು ಓದುಗರಿಗೆ ಬಿಡಿಸಿ ಹೇಳಬೇಕಿಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಆರಂಭವಾಗಿ ಇಂದು ಡಿಮ್ಹಾನ್ಸ್ ಎನಿಸಿಕೊಂಡಿರುವ ಆ ಆಸ್ಪತ್ರೆಯ ಹೆಸರು ಹಿಡಿದು, ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾಗ ನಾವು ಗೆಳೆಯರು ಒಬ್ಬರನ್ನೊಬ್ಬರು ಗೇಲಿ ಮಾಡಿದ್ದಕ್ಕೆ ಲೆಕ್ಕವಿಲ್ಲ. ಅದೇ ಊರಿನ ಬಸ್ ನಿಲ್ದಾಣದಲ್ಲಿ ಪರಿಚಯದವರ ಕಣ್ಣಿಗೆ ಬೀಳದಿರಲೆಂದು ಟವೆಲ್ಲಿನಿಂದ ಕಿವಿ ಮುಚ್ಚಿಕೊಂಡು ಇಳಿದೆ. ವೈದ್ಯರು ಅರ್ಧ ಗಂಟೆ ಕೇಳಿದರು. 'ಇದು ಸೋಮಾರಿತನವಲ್ಲ, ಖಿನ್ನತೆ. ಮಾತ್ರೆ ಹಿಡಿಯಲು ಎರಡು ಮೂರು ವಾರ ಬೇಕು. ಗುಣವಾಯಿತೆಂದು ನೀವೇ ನಿಲ್ಲಿಸಬೇಡಿ' ಎಂದರು. ಆ ಮೊದಲ ವಾಕ್ಯವೇ ಅರ್ಧ ಔಷಧವಾಯಿತು.

ಇನ್ನುಳಿದದ್ದು ರಜೆಯ ಪ್ರಶ್ನೆ. ನಿಜವಾದ ಕಾಯಿಲೆಯ ಹೆಸರಿರುವ ಪ್ರಮಾಣಪತ್ರವನ್ನು ಕಚೇರಿಗೆ ಕೊಡುವ ಎದೆಗಾರಿಕೆ ನನಗಿರಲಿಲ್ಲ. ಪರಿಚಯದ ವೈದ್ಯರೊಬ್ಬರು 'ಸೊಂಟನೋವು ಅಂತ ಬರೀಲೇನ್ರಿ?' ಎಂದು ಕೇಳಿದರು, ಒಪ್ಪಿದೆ. ಖಿನ್ನತೆಗೆ ಸಿಗದ ಇಪ್ಪತ್ತು ದಿನದ ಪರಿವರ್ತಿತ ರಜೆ ಸೊಂಟನೋವಿಗೆ ತಕ್ಷಣ ಸಿಕ್ಕಿತು. ಮರಳಿ ಬಂದಾಗ ಅದೇ ಮೇಲಧಿಕಾರಿ, 'ಕುರ್ಚಿಗೆ ದಿಂಬು ಹಾಕಿಸಿಕೊಳ್ಳಿ' ಎಂದು ಕಳಕಳಿಯಿಂದ ಹೇಳಿದರು. ಅವರು ಕ್ರೂರಿಯಲ್ಲ ಎಂದು ನನಗೆ ಖಚಿತವಾದದ್ದು ಆಗ. ಬೆನ್ನಿನ ನೋವು ಅವರಿಗೆ ಅರ್ಥವಾಗುತ್ತಿತ್ತು.

ಇದು ನನ್ನೊಬ್ಬನ ಕಥೆಯಾಗಿದ್ದರೆ ಬರೆಯುವ ಅಗತ್ಯವಿರಲಿಲ್ಲ. ನಿಮ್ಹಾನ್ಸ್ ನೇತೃತ್ವದಲ್ಲಿ 12 ರಾಜ್ಯಗಳಲ್ಲಿ ನಡೆದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ವಯಸ್ಕರಲ್ಲಿ ಸುಮಾರು ಇಪ್ಪತ್ತಕ್ಕೊಬ್ಬರು ಜೀವನದ ಯಾವುದೋ ಘಟ್ಟದಲ್ಲಿ ಖಿನ್ನತೆಗೆ ಒಳಗಾದವರು. ಚಿಕಿತ್ಸೆ ಸಿಗದವರ ಪ್ರಮಾಣ ಶೇ 80ಕ್ಕೂ ಹೆಚ್ಚು. ನೂರು ಜನರಿರುವ ಕಚೇರಿಯಲ್ಲಿ ಐವರು ಎಂದಿಟ್ಟುಕೊಂಡರೆ, ಅವರಲ್ಲಿ ನಾಲ್ವರು ಬಾಯಿ ಬಿಡದೆ ಹಾಜರಿ ಪುಸ್ತಕಕ್ಕೆ ಸಹಿ ಹಾಕುತ್ತಿರುತ್ತಾರೆ. ಖಿನ್ನತೆ ಮತ್ತು ಆತಂಕಗಳಿಂದಾಗಿ ಜಗತ್ತು ಪ್ರತಿವರ್ಷ 1,200 ಕೋಟಿ ಮಾನವ ದಿನಗಳ ದುಡಿಮೆಯನ್ನು ಕಳೆದುಕೊಳ್ಳುತ್ತಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿಸಿದೆ. ರಜೆ ನಿರಾಕರಿಸಿದ ಅಧಿಕಾರಿ ಹದಿನೈದು ದಿನದ ಕೆಲಸ ಉಳಿಸಿದೆನೆಂದು ಭಾವಿಸುತ್ತಾನೆ. ವಾಸ್ತವದಲ್ಲಿ ಆತ ಆರು ತಿಂಗಳ ಅರೆಬರೆ ಕೆಲಸವನ್ನು ಪೂರ್ತಿ ಸಂಬಳ ಕೊಟ್ಟು ಕೊಂಡಿರುತ್ತಾನೆ. ಇದನ್ನು ಅರಿಯಲು ಅರ್ಥಶಾಸ್ತ್ರದ ಪದವಿ ಬೇಕಿಲ್ಲ.

ಬ್ರಿಟನ್ನಿನ ಸರ್ಕಾರಿ ನೌಕರರನ್ನೇ ಕುರಿತು 1967ರಲ್ಲಿ ಆರಂಭವಾದ 'ವೈಟ್‌ಹಾಲ್ ಅಧ್ಯಯನ' ಈ ದಿಸೆಯಲ್ಲಿ ಗಮನಾರ್ಹ. ಹೆಚ್ಚು ಹೊಣೆಯಿರುವ ಹಿರಿಯ ಅಧಿಕಾರಿಗಳಿಗೇ ಹೃದ್ರೋಗ ಹೆಚ್ಚು ಎಂಬುದು ಆಗಿನ ಸಾಮಾನ್ಯ ನಂಬಿಕೆ. ಫಲಿತಾಂಶ ತಿರುಗುಮುರುಗಾಗಿತ್ತು, ಹುದ್ದೆ ಕೆಳಗಿಳಿದಂತೆ ಸಾವಿನ ಪ್ರಮಾಣ ಏರುತ್ತಿತ್ತು. 1985ರಲ್ಲಿ ಆರಂಭವಾದ ಎರಡನೆಯ ಅಧ್ಯಯನದಲ್ಲಿ ಮೈಕೆಲ್ ಮಾರ್ಮಟ್ ಮತ್ತು ಸಂಗಡಿಗರು ಗುರುತಿಸಿದ ಮುಖ್ಯ ಕಾರಣಗಳಲ್ಲೊಂದು, ತನ್ನ ಕೆಲಸದ ಮೇಲೆ ತನಗೇ ಹಿಡಿತವಿಲ್ಲದಿರುವುದು. ಹಿಡಿತವೂ ಇಲ್ಲದ, ಮೇಲಿನವರ ಆಸರೆಯೂ ಇಲ್ಲದ ಗುಮಾಸ್ತನ ಸ್ಥಿತಿ ನಮ್ಮ ಕಚೇರಿಗಳನ್ನು ಕಂಡವರಿಗೆ ಹೊಸದಲ್ಲ.

ಕಾನೂನು ಸುಮ್ಮನೆ ಕುಳಿತಿಲ್ಲ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯು ಮಾನಸಿಕ ಅಸ್ವಸ್ಥತೆಯನ್ನೂ ತನ್ನ ವ್ಯಾಪ್ತಿಗೆ ತಂದಿತು. ಸೇವೆಯಲ್ಲಿರುವಾಗ ವೈಕಲ್ಯಕ್ಕೆ ತುತ್ತಾದ ಸರ್ಕಾರಿ ನೌಕರನನ್ನು ಆ ಕಾರಣಕ್ಕೆ ತೆಗೆದುಹಾಕುವಂತಿಲ್ಲ, ಹಿಂಬಡ್ತಿ ನೀಡುವಂತಿಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆಯು ದೇಹದ ಕಾಯಿಲೆಗೂ ಮನಸ್ಸಿನ ಕಾಯಿಲೆಗೂ ವಿಮೆಯಲ್ಲಿ ಭೇದ ಮಾಡಬಾರದೆಂದಿತು. ಕೇಂದ್ರೀಯ ಮೀಸಲು ಪಡೆಯ ಅಧಿಕಾರಿಯೊಬ್ಬರ ಪ್ರಕರಣದಲ್ಲಿ 2021ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್, ಮಾನಸಿಕ ಅಸ್ವಸ್ಥತೆಯಿಂದ ಉಂಟಾದ ನಡವಳಿಕೆಗೆ ಶಿಸ್ತು ಕ್ರಮ ಜರುಗಿಸುವುದು ಪರೋಕ್ಷ ತಾರತಮ್ಯವಾಗುತ್ತದೆ ಎಂಬ ನಿಲುವು ತಳೆಯಿತು. ಎಲ್ಲ ಖಿನ್ನತೆಯೂ ಕಾಯ್ದೆಯ ಅರ್ಥದಲ್ಲಿ ವೈಕಲ್ಯವಾಗದು ಎಂಬುದು ನಿಜ. ಆದರೂ ನೋಟಿಸು ಬರೆಯುವ ಮುನ್ನ ಒಮ್ಮೆ ಯೋಚಿಸಲು ಇಷ್ಟು ಸಾಕು. ನಾನು ಕಂಡಂತೆ ಇಂಥ ತೀರ್ಪುಗಳು ಸುತ್ತೋಲೆಯಾಗಿ ತಾಲ್ಲೂಕು ಕಚೇರಿ ತಲುಪುವುದಿಲ್ಲ. ಒತ್ತಡ ನಿರ್ವಹಣೆಯ ಉಪನ್ಯಾಸಗಳು ಮಾತ್ರ ತಲುಪುತ್ತವೆ.

ಇಷ್ಟೆಲ್ಲ ಬರೆಯುವವನು ಸ್ವತಃ ಎಂಥ ಮೇಲಧಿಕಾರಿಯಾಗಿದ್ದ ಎಂದು ಓದುಗರು ಕೇಳಬಹುದು. ಕೇಳಬೇಕು. 2013ರಲ್ಲಿ ನಾನು ಮುಖ್ಯಸ್ಥನಾಗಿದ್ದ ಕಚೇರಿಯಲ್ಲಿ ಮಹಿಳಾ ಸಿಬ್ಬಂದಿಯೊಬ್ಬರು ಮೇಲಿಂದ ಮೇಲೆ ತಡವಾಗಿ ಬರುತ್ತಿದ್ದರು. ಮೇಜಿನ ಮೇಲೆ ಕಡತಗಳು ಬೆಳೆಯುತ್ತಿದ್ದವು. ವಿಧಾನಮಂಡಲದ ಪ್ರಶ್ನೆಗೆ ಉತ್ತರ ಕಳಿಸುವ ಗಡುವು ಮೀರಿದ ದಿನ ನಾನೇ ಅವರಿಗೆ ನೋಟಿಸು ಜಾರಿ ಮಾಡಿದೆ. ಮರುದಿನ ಅವರು ನನ್ನ ಕೊಠಡಿಗೆ ಬಂದು, ಏನೋ ಹೇಳಲು ಹೊರಟು, 'ಇನ್ನು ಮೇಲೆ ಸರಿಯಾಗಿ ಬರ್ತೀನಿ ಸಾರ್' ಎಂದಷ್ಟೇ ಹೇಳಿ ಹೋದರು. ಎದುರಿನ ಕುರ್ಚಿ ಖಾಲಿಯಿತ್ತು, ಕುಳಿತುಕೊಳ್ಳಿ ಎನ್ನಲಿಲ್ಲ. ಎರಡು ತಿಂಗಳ ನಂತರ ಸ್ವಇಚ್ಛಾ ನಿವೃತ್ತಿ ಪಡೆದರು. ಅವರಿಗೆ ಏನಾಗಿತ್ತೆಂಬುದು ನನಗೆ ಇಂದಿಗೂ ತಿಳಿಯದು. ಹನ್ನೊಂದು ವರ್ಷ ಹಿಂದೆ ಅದೇ ಮುಖವನ್ನು ಕನ್ನಡಿಯಲ್ಲಿ ಕಂಡವನಿಗೆ ಅಂದು ಗುರುತು ಹತ್ತಲಿಲ್ಲ ಎಂಬುದಷ್ಟೇ ತಿಳಿದಿದೆ. ಮೇಲಿನಿಂದ ಒತ್ತಡವಿತ್ತು ಎಂದು ಸಮಜಾಯಿಷಿ ಕೊಡಬಲ್ಲೆ. ನನ್ನ ಮೇಲಧಿಕಾರಿಯೂ ಅದನ್ನೇ ಕೊಡುತ್ತಿದ್ದರು.

ತಮ್ಮನ ಮಗನಿಗೆ ಇದನ್ನೆಲ್ಲ ಹೇಳಿದೆ. ರಾಜೀನಾಮೆಯಂಥ ದೊಡ್ಡ ತೀರ್ಮಾನವನ್ನು ಕಾಯಿಲೆಯ ಕೈಗೆ ಕೊಡಬೇಡ, ಚಿಕಿತ್ಸೆ ಆರಂಭಿಸಿ ಆಮೇಲೆ ನೋಡು ಎಂದೆ. ನನ್ನನ್ನು ಅಂದು ಉಳಿಸಿದ್ದು ಮಾತ್ರೆಯ ಜೊತೆಗೆ ಒಬ್ಬ ಶಿರಸ್ತೇದಾರರು. ವಿಷಯ ತಿಳಿದಿದ್ದ ಅವರು ಪ್ರತಿದಿನ ಬೆಳಿಗ್ಗೆ ಐದೇ ಕಡತಗಳನ್ನು, ಸುಲಭವಾದದ್ದು ಮೇಲೆ ಬರುವಂತೆ ಜೋಡಿಸಿ ನನ್ನ ಮೇಜಿನ ಮೇಲಿಡುತ್ತಿದ್ದರು. ಐದು ಮುಗಿದರೆ ಆರನೆಯದಕ್ಕೆ ಕೈ ತಾನಾಗಿ ಹೋಗುತ್ತಿತ್ತು. ಕಚೇರಿಯಲ್ಲಿ ನಂಬುವಂಥ ಒಬ್ಬರಿದ್ದರೆ ಅವರಿಗೆ ಹೇಳು ಎಂದೆ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ 'ಟೆಲಿ ಮಾನಸ್' ಸಹಾಯವಾಣಿಯ 14416 ಸಂಖ್ಯೆಗೆ ಅಲ್ಲಿಯೇ ಕರೆ ಮಾಡಿಸಿದೆ, ಕನ್ನಡದಲ್ಲಿಯೇ ಮಾತನಾಡಿದರು. ಮರುದಿನ ಅವನು ಮನೋವೈದ್ಯರನ್ನು ಕಂಡು ಬಂದ. ಟವೆಲ್ಲು ಸುತ್ತಿಕೊಳ್ಳಲಿಲ್ಲ.

ರಜೆ ಅರ್ಜಿ ಬರೆಯಲು ಕುಳಿತೆವು. ಕಾರಣದ ಸಾಲಿಗೆ ಬಂದಾಗ ಪೆನ್ನು ನಿಂತಿತು. 'ಏನ ಬರಿಯೂನ್ರಿ ದೊಡ್ಡಪ್ಪಾ, ಜ್ವರ ಅಂತ ಬರಿಯೂನೇನು?' ಎಂದ. ನಾನು ತಕ್ಷಣ ಉತ್ತರ ಕೊಡಲಿಲ್ಲ. ಸುಳ್ಳು ಬರೆದರೆ ರಜೆ ಸಿಗುವುದು ಖಚಿತ. ನಿಜ ಬರೆದರೆ ಸಿಗುವುದೋ ಇಲ್ಲವೋ, ಆದರೆ ನಾಳೆ ಆ ನೋಟಿಸಿಗೆ ಉತ್ತರಿಸುವಾಗ ಕೈಯಲ್ಲಿ ಒಂದು ದಾಖಲೆ ಇರುತ್ತದೆ. ಎರಡನ್ನೂ ಹೇಳಿ, 'ನಿನ್ನ ನೌಕರಿ, ನೀನೇ ನೋಡಪಾ' ಎಂದೆ. ಬಹಳ ಹೊತ್ತಾದ ಮೇಲೆ 'ಖಿನ್ನತೆ' ಎಂದು ಬರೆದು, ವೈದ್ಯರ ಪ್ರಮಾಣಪತ್ರ ಲಗತ್ತಿಸಿದ. ಘಟಪ್ರಭಾದಲ್ಲಿ ಎರಡು ಪ್ರತಿ ಜೆರಾಕ್ಸ್ ಮಾಡಿಸಿದೆವು. ಒಂದರ ಮೇಲೆ ಸ್ವೀಕೃತಿಯ ಮೊಹರು, ದಿನಾಂಕ ಹಾಕಿಸಿಕೊಳ್ಳದೆ ಬರಬೇಡವೆಂದು ಹೇಳಿ ಬಸ್ಸು ಹತ್ತಿಸಿದೆ.