ಮನೆತನದ ಹೆಸರು ಯಾರ ಸ್ವತ್ತು?

ಒಂದೇ ಮನೆತನದ ಹೆಸರನ್ನು ಸಾವಿರ ಮಂದಿ ಹೊತ್ತಿರಬಹುದು. ಆದರೆ ಅಂತರ್ಜಾಲದಲ್ಲಿ ‘ಡಾಟ್ ಕಾಮ್’ ಎಂಬ ಬಾಲದೊಡನೆ ಆ ಹೆಸರು ಒಬ್ಬರಿಗೆ ಮಾತ್ರ ದಕ್ಕುತ್ತದೆ, ಮೊದಲು ನೋಂದಾಯಿಸಿದವರಿಗೆ. ಅದೂ ಶಾಶ್ವತವಾದ ಒಡೆತನವಲ್ಲ. ಹೆಚ್ಚೆಂದರೆ ಹತ್ತು ವರ್ಷಗಳಿಗೊಮ್ಮೆ ನವೀಕರಿಸಬೇಕಾದ ಗುತ್ತಿಗೆ.

ತಡವಾಗಿ ಬಂದವರ ಗತಿಯೇನು? ಅಮೆರಿಕದ ಉತ್ತರ ಕೆರೊಲಿನಾದಲ್ಲಿ ಉಜಿ ನಿಸಾನ್ ಎಂಬವರು ತಮ್ಮ ಕಂಪ್ಯೂಟರ್ ವ್ಯಾಪಾರಕ್ಕೆಂದು 1994ರಲ್ಲಿ ‘ನಿಸಾನ್ ಡಾಟ್ ಕಾಮ್’ ಪಡೆದರು. ಅದು ಅವರ ಮನೆತನದ ಹೆಸರು. ಅದೇ ಹೆಸರಿನ ಜಪಾನೀ ಮೋಟಾರು ಸಂಸ್ಥೆ 1999ರಲ್ಲಿ ದಾವೆ ಹೂಡಿತು. ಅಲ್ಲಿ ಮೋಟಾರು ವಾಹನಗಳ ಜಾಹೀರಾತು ಪ್ರಕಟಿಸಿದ್ದು ತಪ್ಪೆಂದು ನ್ಯಾಯಾಲಯ ಹೇಳಿತು. ಆದರೆ ವಿಳಾಸವನ್ನು ಅವರಿಂದ ಕಸಿಯಲಿಲ್ಲ. ವರ್ಷಗಟ್ಟಲೆ ನಡೆದ ವ್ಯಾಜ್ಯ ಅವರ ಹಣವನ್ನೂ ನೆಮ್ಮದಿಯನ್ನೂ ತಿಂದಿತು. 2020ರಲ್ಲಿ ಅವರು ತೀರಿಕೊಂಡರು.

1999ರಲ್ಲೇ ಜಾರಿಗೆ ಬಂದ ಅಂತಾರಾಷ್ಟ್ರೀಯ ನಿಯಮದಂತೆ, ದೂರುವವರು ಮೂರು ಸಂಗತಿಗಳನ್ನು ಸ್ಥಾಪಿಸಬೇಕು: ವಿಳಾಸವು ತಮ್ಮ ಟ್ರೇಡ್‌ಮಾರ್ಕನ್ನು ಹೋಲುತ್ತದೆ; ಎದುರಾಳಿಗೆ ಅದರಲ್ಲಿ ನ್ಯಾಯವಾದ ಹಕ್ಕಿಲ್ಲ; ಅದನ್ನು ಪಡೆದದ್ದೂ ಬಳಸುತ್ತಿರುವುದೂ ದುರುದ್ದೇಶದಿಂದ. ಬರಿಯ ಮನೆತನದ ಹೆಸರಿನ ಬಲದಿಂದ ಈ ಬಾಗಿಲು ತೆರೆಯದು.

ಆದ್ದರಿಂದ ಸಾಮಾನ್ಯರಿಗೆ ಉಳಿದಿರುವ ದಾರಿ ವಿನಯದ್ದು: ಪತ್ರ ಬರೆದು ಕೇಳುವುದು, ಗುತ್ತಿಗೆ ಮುಗಿಯುವುದನ್ನು ಕಾಯುವುದು, ಇಲ್ಲವೇ ಊರಿನ ಹೆಸರನ್ನೋ ವೃತ್ತಿಯನ್ನೋ ಸೇರಿಸಿ ಬೇರೆ ವಿಳಾಸ ಕಟ್ಟಿಕೊಳ್ಳುವುದು. ಮೊದಲು ಬಂದವನಿಗೂ ಆ ಹೆಸರನ್ನು ಅವನ ಹಿರಿಯರೇ ಕೊಟ್ಟಿದ್ದಾರು ಎಂಬುದನ್ನು ಮರೆಯದಿರೋಣ.