ಲಿಂಕ್ ಕಳಿಸಿದರೆ ಕಲಿಸಿದಂಗಲ್ಲ

ಬೆಳೆ ಸಮೀಕ್ಷೆ ಆ್ಯಪ್ ಶುರುವಾಯಿತೆಂದರೆ ಊರಲ್ಲಿ ನಮ್ಮಂಥ ಹುಡುಗರಿಗೆ ಫೋನ್ ಮೇಲೆ ಫೋನ್. 2020ರ ಮುಂಗಾರಿನಿಂದ ರೈತರೇ ತಮ್ಮ ಹೊಲದ ಬೆಳೆಯನ್ನು ಫೋಟೊ ಸಮೇತ ದಾಖಲಿಸಬಹುದು. ಬೆಳೆ ವಿಮೆ, ಬೆಂಬಲ ಬೆಲೆ, ಬೆಳೆಹಾನಿ ಪರಿಹಾರ ಎಲ್ಲದಕ್ಕೂ ಇದೇ ಮಾಹಿತಿ ನೋಡ್ತಾರೆ.

ಎರಡು ವರ್ಷದ ಹಿಂದೆ ಪಕ್ಕದ ಹೊಲದ ಕಾಕಾ, "ತಮ್ಮಾ, ಇದನ್ನ ಹೆಂಗ ಮಾಡೂದು, ಹೇಳಿಕೊಡು" ಅಂದರು. ನಾನು ಬೈಕ್ ಮೇಲಿದ್ದೆ, ಅವಸರ. "ವಿಡಿಯೊ ಲಿಂಕ್ ಹಾಕ್ತೀನಿ ಕಾಕಾ, ಅದರಾಗ ಎಲ್ಲಾ ಐತಿ" ಅಂದೆ. ಕೈಪಿಡಿಯ ಪಿಡಿಎಫ್ ಕೂಡ ಕಳಿಸಿದೆ. ನೀಲಿ ಟಿಕ್ ಬಂತು. ಕೆಲಸ ಮುಗೀತು ಅಂದುಕೊಂಡೆ.

ನಮ್ಮ ಧಾರವಾಡ ಕಡೆ ಮುಂಗಾರಿಗೆ ಹೆಸರು ಹಾಕುವವರು ಬಹಳ. ಅದು ಹೆಚ್ಚುಕಡಿಮೆ ಎಪ್ಪತ್ತು ದಿನದ ಬೆಳೆ. ಕಟಾವಾದ ಮೇಲೆ ಫೋಟೊ ತೆಗೆಯಲು ಹೊಲದಲ್ಲಿ ಏನಿರುತ್ತೆ? ಕಾಕಾ ಸಮೀಕ್ಷೆ ಮಾಡಿರಲೇ ಇಲ್ಲ. ಖರೀದಿ ಕೇಂದ್ರಕ್ಕೆ ಹೋದರೆ ಅವರ ಸರ್ವೆ ನಂಬರಿನಲ್ಲಿ ಹೆಸರು ಬೆಳೆ ಕಾಣಲಿಲ್ಲ. ಚೀಲಗಳನ್ನು ದಲಾಲಿ ಅಂಗಡಿಗೆ ಒಯ್ದು, ಸಿಕ್ಕ ದರಕ್ಕೆ ಕೊಟ್ಟು ಬಂದರು. "ಹೊಲದಾಗ ಹೆಸರಿತ್ತು, ಪಟ್ಟಿಯೊಳಗ ಹೆಸರಿಲ್ಲ ನೋಡು" ಅಂತ ನಕ್ಕರು. ಬೈದಿದ್ದರೆ ಚೆನ್ನಾಗಿತ್ತು.

ಮರುವರ್ಷ ಬಿತ್ತಿ ತಿಂಗಳಾದ ಮೇಲೆ ನಾನೇ ಹೋದೆ. ಬದುವಿನ ಮೇಲೆ ಕೂತು, "ಹ್ವಾದ ವರ್ಷ ಎಲ್ಲಿಗೆ ನಿಂತಿತ್ತು, ತೋರಸ್ರಿ" ಅಂದೆ. ವಿಡಿಯೊ ಮೂರು ಸಲ ನೋಡಿದ್ದರಂತೆ! ಆದರೆ ಆ್ಯಪ್ ಲೊಕೇಶನ್ ಅನುಮತಿ ಕೇಳಿದಾಗ ಬೇಡ ಅಂತ ಒತ್ತಿದ್ದರು. ಬೆಂಗಳೂರಲ್ಲಿರುವ ಮಗ, "ಫೋನ್ ಏನ್ ಕೇಳಿದ್ರೂ ಬ್ಯಾಡ ಅನ್ನಪ್ಪಾ, ರೊಕ್ಕ ಹೊಕ್ಕಾವು" ಅಂದಿದ್ದ. ಮಗ ಹೇಳಿದ್ದು ತಪ್ಪಲ್ಲ. ಆದರೆ ಲೊಕೇಶನ್ ಇಲ್ಲದೆ ನಾವು ಹೊಲದೊಳಗೆ ನಿಂತಿದ್ದೇವೋ ಇಲ್ಲವೋ ಆ್ಯಪ್‌ಗೆ ತಿಳಿಯೋದಿಲ್ಲ. ಕಾಕಾನ ಹೆದರಿಕೆ ಕೈಪಿಡಿ ಬರೆದವರಿಗೆ ಹೇಗೆ ಗೊತ್ತಿರಬೇಕು? ಅನುಮತಿ ಯಾಕೆ ಬೇಕು, ಒಟಿಪಿಯನ್ನು ಫೋನ್ ಮಾಡಿ ಕೇಳುವವರಿಗೆ ಯಾಕೆ ಹೇಳಬಾರದು, ಎರಡನ್ನೂ ಬಿಡಿಸಿ ಹೇಳಿದೆ.

ಆಮೇಲೆ ನಾನು ಮಾಡಿದ ಒಂದೇ ಶಾಣ್ಯಾತನ ಅಂದ್ರೆ ಫೋನ್ ಕಸಿದುಕೊಳ್ಳಲಿಲ್ಲ. ಕೈ ತುರಿಸ್ತಿತ್ತು, ಬಿಡಿ. ಎರಡೂವರೆ ಎಕರೆಗೆ ಕಾಕಾ 2.5 ಒತ್ತಲು ಹೊರಟರು. "ಅರ್ಧ ಎಕರೆ ಅಂದ್ರ ಎಷ್ಟ ಗುಂಟೆ ಕಾಕಾ?" ಅಂದೆ. "ಇಪ್ಪತ್ತು" ಅಂದವರೇ ನಕ್ಕು, ಎಕರೆಯಲ್ಲಿ 2, ಗುಂಟೆಯಲ್ಲಿ 20 ಹಾಕಿದರು. ನಡುವಿನ ತೊಗರಿ ಸಾಲನ್ನು ಮಿಶ್ರ ಬೆಳೆ ಅಂತ ಸೇರಿಸಿದ್ದೂ ಅವರೇ. ಒಂದು ಸರ್ವೆ ನಂಬರಿಗೆ ಮುಕ್ಕಾಲು ತಾಸು ಹಿಡೀತು. ಎರಡನೆಯದಕ್ಕೆ ನಾನು ಬೇವಿನ ಗಿಡದ ಕೆಳಗೆ ಚಹಾ ಕುಡಿಯುತ್ತ ಕೂತಿದ್ದೆ, ಹತ್ತೇ ನಿಮಿಷ.

ಈ ಸಲ ನೀವೂ ಯಾರಿಗಾದರೂ ಹೇಳಿಕೊಡುವುದಿದ್ದರೆ ಗುಡಿಕಟ್ಟೆ ಮೇಲೆ ಬೇಡ, ಹೊಲಕ್ಕೇ ಹೋಗಿ. ಪಹಣಿ ಕೈಯಲ್ಲಿರಲಿ, ಹಿಸ್ಸಾ ನಂಬರ್ ತಪ್ಪಿದರೆ ಬೆಳೆ ಇನ್ನೊಬ್ಬರ ಹೊಲಕ್ಕೆ ಹೋದಂಗೇ. ಫೋಟೊ ಅಪ್‌ಲೋಡ್ ಆಯ್ತಾ ಅಂತ ಸಂಜೆ ಒಂದು ಫೋನ್ ಮಾಡಿ ಕೇಳಿ. ಕೆಲವು ದಿನ ಬಿಟ್ಟು 'ಬೆಳೆ ದರ್ಶಕ' ಆ್ಯಪ್ ಅವರ ಕೈಯಿಂದಲೇ ತೆರೆಸಿ ನೋಡಿ. ತಪ್ಪಿದ್ದರೆ ಅದರಲ್ಲೇ ಆಕ್ಷೇಪಣೆ ಹಾಕಬಹುದು, ತಡ ಮಾಡಬೇಡಿ.

ಹೋದ ವಾರ ಕಾಕಾ ಫೋನ್ ಮಾಡಿದ್ದರು. "ತಮ್ಮಾ, ಆಚೆ ಓಣಿ ಅಕ್ಕಾರಿಗೆ ಲೊಕೇಶನ್ ಹಾಕ್ಸಿದೆ. ಅವರ ಫೋನಿನ್ಯಾಗ ಬರೇ ಇಂಗ್ಲಿಷ್ ಐತಿ, ಕನ್ನಡ ಎಲ್ಲಿ ಮಾಡೂದು?" ಅವತ್ತೂ ನನಗೆ ಅವಸರವೇ ಇತ್ತು. ಬೈಕ್ ಬದಿಗೆ ಹಚ್ಚಿದೆ.