ಹಚ್ಚೆ ಅಳಿಸುವ ಲೇಸರ್ ಚಿಕಿತ್ಸೆ: ತಿಳಿದಿರಬೇಕಾದ ಸಂಗತಿಗಳು

ಹಿರಿಯ ತಾಯಂದಿರ ಮುಂಗೈಯ ಹಸಿರು ಹಚ್ಚೆಯನ್ನು ಅಳಿಸಬೇಕೆಂದು ಯಾರೂ ಬಯಸಿದವರಲ್ಲ. ಇಂದಿನ ಯುವಕರಾದರೋ ಗೆಳೆಯರ ಒತ್ತಾಯಕ್ಕೆ ಹಾಕಿಸಿಕೊಂಡ ಹಚ್ಚೆಯನ್ನು ಕೆಲವೇ ವರ್ಷಗಳಲ್ಲಿ ಅಳಿಸಲು ಹಂಬಲಿಸುತ್ತಾರೆ. ಸೇನೆಗೆ ಸೇರಬಯಸುವವರಿಗೆ ಈ ಚಿಂತೆ ಹೆಚ್ಚು. ಬುಡಕಟ್ಟು ಸಮುದಾಯಗಳಿಗಿರುವ ವಿನಾಯಿತಿಯನ್ನು ಬಿಟ್ಟರೆ, ಭಾರತೀಯ ಸೇನೆಯು ಮುಂದೋಳಿನ ಒಳಭಾಗ ಮತ್ತು ಅಂಗೈಯ ಹಿಂಬದಿಯಲ್ಲಿ ಮಾತ್ರ ಹಚ್ಚೆಯನ್ನು ಒಪ್ಪುತ್ತದೆ.

ಹಚ್ಚೆ ಏಕೆ ಮಾಸುವುದಿಲ್ಲ?

ಸುಶ್ರುತಾಚಾರ್ಯರು ತ್ವಚೆಗೆ ಏಳು ಪದರಗಳನ್ನು ಹೇಳಿದ್ದಾರೆ. ಆಧುನಿಕ ವೈದ್ಯಶಾಸ್ತ್ರದ ಪ್ರಕಾರ ಹೊರಚರ್ಮವು ಸದಾ ಉದುರಿ ಹೊಸದಾಗುತ್ತಿರುತ್ತದೆ. ಹಚ್ಚೆಯ ಬಣ್ಣವಾದರೋ ಅದರ ಕೆಳಗಿನ ಒಳಚರ್ಮದಲ್ಲಿ ನೆಲೆಸಿರುತ್ತದೆ. ದೇಹದ ರಕ್ಷಕ ಕಣಗಳು ಆ ಬಣ್ಣವನ್ನು ನುಂಗಿದರೂ ಕರಗಿಸಲಾರವು. ಒಂದು ಕಣ ಸತ್ತರೆ ಅದು ಬಿಟ್ಟ ಬಣ್ಣವನ್ನು ಮತ್ತೊಂದು ನುಂಗುತ್ತದೆ. ಆದ್ದರಿಂದ ಹೊರಗಿನಿಂದ ಹಚ್ಚುವ ಯಾವ ಲೇಪವೂ ಅಲ್ಲಿಗೆ ತಲುಪದು. ಆಯುರ್ವೇದ ವೈದ್ಯನಾಗಿಯೇ ಈ ಮಾತನ್ನು ಸ್ಪಷ್ಟವಾಗಿ ಹೇಳುತ್ತೇನೆ. ಸುಣ್ಣ, ಸೋಡಾ, ಗೇರೆಣ್ಣೆ, ಆಸಿಡ್‌ಗಳಿಂದ ಸುಟ್ಟುಕೊಂಡರೆ ಹಚ್ಚೆಗಿಂತ ವಿಕಾರವಾದ ಕಲೆಯು ಶಾಶ್ವತವಾಗಿ ಉಳಿಯುತ್ತದೆ.

ಲೇಸರ್ ಹೇಗೆ ಕೆಲಸ ಮಾಡುತ್ತದೆ?

ಲೇಸರ್ ಕಿರಣವು ಸೆಕೆಂಡಿನ ನೂರು ಕೋಟಿಯಲ್ಲಿ ಕೆಲವೇ ಭಾಗದಷ್ಟು ಅಥವಾ ಅದಕ್ಕಿಂತಲೂ ಕಡಿಮೆ ಕಾಲ ಮಿಡಿಯುತ್ತದೆ. ಬಣ್ಣದ ಕಣವು ಆ ಬೆಳಕನ್ನು ಹೀರಿ, ಥಟ್ಟನೆ ಕಾದು ಚೂರಾಗುತ್ತದೆ. ಈ ಚೂರುಗಳನ್ನು ದೇಹವು ದುಗ್ಧರಸದ ಮೂಲಕ ವಾರಗಟ್ಟಲೆ ಕಾಲದಲ್ಲಿ ಸಾಗಿಸುತ್ತದೆ. ಕಪ್ಪು ಬಣ್ಣಕ್ಕೆ 1064 ನ್ಯಾನೋಮೀಟರ್, ಕೆಂಪಿಗೆ 532 ನ್ಯಾನೋಮೀಟರ್ ತರಂಗಾಂತರದ ಕಿರಣಗಳು ಬಳಕೆಯಲ್ಲಿವೆ. ಕಪ್ಪು ಬೇಗ ಮಾಸುತ್ತದೆ. ಹಸಿರು, ಹಳದಿ ಬಣ್ಣಗಳು ಹಟಮಾರಿಗಳು.

ಏನನ್ನು ನಿರೀಕ್ಷಿಸಬೇಕು?

ಮರಗಟ್ಟಿಸುವ ಮುಲಾಮನ್ನು ಹಚ್ಚಿದರೂ ರಬ್ಬರ್ ಬ್ಯಾಂಡ್ ಬಡಿದಂತಹ ಚುರುಕು ನೋವಿರುತ್ತದೆ. ಆ ಜಾಗ ಒಡನೆಯೇ ಬೆಳ್ಳಗಾಗಿ, ಕೆಲ ನಿಮಿಷಗಳಲ್ಲಿ ಸರಿಹೋಗುತ್ತದೆ. ಅನಂತರ ಊತ, ಬೊಕ್ಕೆ, ಹಕ್ಕಳೆ ಕಾಣಿಸಬಹುದು. ಬೊಕ್ಕೆಯನ್ನು ಒಡೆಯಬಾರದು, ಹಕ್ಕಳೆಯನ್ನು ಕೀಳಬಾರದು. ಹಸಿ ಗಾಯಕ್ಕೆ ಅರಿಶಿನ, ಸೊಪ್ಪಿನ ರಸ ಹಚ್ಚದೆ, ವೈದ್ಯರು ಹೇಳಿದ ಮುಲಾಮನ್ನಷ್ಟೇ ಬಳಸಬೇಕು. ಬಿಸಿಲು ತಾಗದಂತೆ ಬಟ್ಟೆಯಿಂದ ಮುಚ್ಚಿಕೊಳ್ಳಬೇಕು. ಧೂಮಪಾನವು ಫಲವನ್ನು ತಡಮಾಡುತ್ತದೆ.

ಒಂದೇ ಸಲಕ್ಕೆ ಹಚ್ಚೆ ಹೋಗದು. ಆರರಿಂದ ಎಂಟು ವಾರಗಳ ಅಂತರದಲ್ಲಿ ಹಲವು ಸಲ ಚಿಕಿತ್ಸೆ ಬೇಕಾಗುತ್ತದೆ. ಆರು ಸಲವೆಂದು ಎಣಿಸಿದರೂ ಏಳರಿಂದ ಒಂಬತ್ತು ತಿಂಗಳು ಹಿಡಿಯುತ್ತದೆ. ಹತ್ತು ಸಲ ಬೇಕಾದರೂ ಅಚ್ಚರಿಯಿಲ್ಲ. ಕೆಲವೊಮ್ಮೆ ಮಸುಕಾದ ನೆರಳು ಉಳಿಯುವುದೂ ಉಂಟು. ಭರ್ತಿಯ ದಿನ ಗೊತ್ತಾದ ಬಳಿಕ ಓಡುವುದರಿಂದ ಪ್ರಯೋಜನವಿಲ್ಲ.

ಎಚ್ಚರಿಕೆಗಳು

ನಮ್ಮಂತಹ ಕಂದು ಮೈಬಣ್ಣದವರಲ್ಲಿ ಚರ್ಮದ ಸಹಜ ವರ್ಣವೂ ಕಿರಣವನ್ನು ಹೀರುವುದರಿಂದ ಬಿಳಿ ಅಥವಾ ಕಪ್ಪು ಕಲೆ ಉಳಿಯುವ ಸಂಭವವಿದೆ. ಆದುದರಿಂದ ಬ್ಯೂಟಿ ಪಾರ್ಲರ್‌ಗಳಿಗೆ ಹೋಗದೆ, ಅರ್ಹ ಚರ್ಮವೈದ್ಯರನ್ನೇ ಕಾಣಬೇಕು. ಮಧುಮೇಹ, ಗಾಯ ಮಾಸಿದ ಮೇಲೆ ಉಬ್ಬುವ ಗುಣ, ಸೇವಿಸುತ್ತಿರುವ ಔಷಧ ಇವೆಲ್ಲವನ್ನೂ, ನಮ್ಮ ಕಷಾಯ, ಚೂರ್ಣಗಳನ್ನೂ ಸೇರಿಸಿ, ಮೊದಲೇ ತಿಳಿಸಬೇಕು. ಗರ್ಭಿಣಿಯರು ಹೆರಿಗೆಯ ತನಕ ಕಾಯುವುದು ಲೇಸು. ಹಚ್ಚೆಯೊಳಗೆ ಮಚ್ಚೆಯಿದ್ದರೆ ಅದನ್ನು ಮೊದಲು ಪರೀಕ್ಷಿಸಬೇಕು.

ಹಚ್ಚೆ ಹಾಕಿಸಲು ಅರ್ಧ ಗಂಟೆ ಸಾಕು. ಅಳಿಸಲು ವರ್ಷವೇ ಬೇಕಾದೀತು. ಮನೆಯ ಹಿರಿಯರು ಮಕ್ಕಳಿಗೆ ಈ ಲೆಕ್ಕವನ್ನು ಮೊದಲೇ ತಿಳಿಹೇಳಿದರೆ ಅನೇಕರಿಗೆ ಈ ಚಿಕಿತ್ಸೆಯ ಅಗತ್ಯವೇ ಬಾರದು.